ಟ್ರಂಕಿನ ತಳದ ನಾಲ್ಕು ಹಾಳಿ

"ಎಷ್ಟು ಹಾಕ್ಯಾರ?"

ಅಕ್ಕನ ಮಗಳನ್ನು ಕರೆದುಕೊಂಡು ಹುನಗುಂದದ ಕೋರ್ಟಿನಿಂದ ಹೊರಬಿದ್ದ ದಿನ ಇದನ್ನು ಮೊದಲು ಕೇಳಿದವನು ಚಾದಂಗಡಿಯವನು. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ನನ್ನ ಹಳೆಯ ವಿದ್ಯಾರ್ಥಿ, ಮನೆಯಲ್ಲಿ ಅಕ್ಕ, ಸಂಜೆ ಓಣಿಯ ಹೆಂಗಸರು. ನಾನೂ ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ: "ತಿಂಗಳಿಗೆ ನಾಲ್ಕು ಸಾವಿರ. ಕೂಸಿಗೆ ಬ್ಯಾರೆ ಒಂದೂವರಿ." ಆದೇಶಕ್ಕೆ ನಾಲ್ಕು ಹಾಳಿ ಇದ್ದವು. ನಾನು ಓದಿದ್ದು ಕಡೆಯ ಹಾಳಿಯ ಎರಡು ಸಾಲು, ರೂಪಾಯಿ ಇದ್ದ ಸಾಲು.

ಆದೇಶ ಇಂಗ್ಲಿಷಿನಲ್ಲಿತ್ತು ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಅಚ್ಚ ಕನ್ನಡದಲ್ಲಿತ್ತು. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು. ಗದ್ಯಭಾಗ ಕೊಟ್ಟು ಕೆಳಗೆ ಪ್ರಶ್ನೆ ಕೇಳಿದಾಗ, ಪೂರಾ ಓದದೆ ಉತ್ತರ ಬರೆಯುವ ಹುಡುಗರಿಗೆ ಬೆತ್ತ ತೋರಿಸಿದವನು.

ಅಂದು ರಾತ್ರಿ ಆ ಹಾಳಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನ ತಳಕ್ಕಿಟ್ಟೆ. ಎರಿ ಹೊಲದ ಉತಾರ, ಎಲ್‌ಐಸಿ ಬಾಂಡು, ಪೆನ್ಷನ್ ಕಾಗದ, ಮಗನ ಮಾರ್ಕ್ಸ್ ಕಾರ್ಡು ಇರುವ ಟ್ರಂಕು ಅದು. ಕೋರ್ಟಿನ ಮುದ್ರೆ ಬಿದ್ದ ಕಾಗದವನ್ನು ಇಲಿ, ಗೆದ್ದಲು ಮುಟ್ಟದಂತೆ ಕಾಯಬೇಕು ಎಂಬಷ್ಟೇ ನನಗೆ ಗೊತ್ತಿತ್ತು.

ಹುಡುಗಿಯನ್ನು ಕೊಟ್ಟದ್ದು ಇಳಕಲ್ಲಿನ ಮಗ್ಗದ ಮನೆಗೆ. ನೇಕಾರರ ಮನೆಯ ಕೆಲಸ ನಮಗೆ ಹೊಸದು, ಅವಳು ಮಾತ್ರ ಆರು ತಿಂಗಳಲ್ಲಿ ಕಲಿತಳು. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೂಡಿಸುವುದಕ್ಕೆ ಕೊಂಡಿ ಅನ್ನುತ್ತಾರೆ. ಕಣ್ಣು ಚುರುಕಿರಬೇಕು, ಹೆಬ್ಬೆರಳು ಮತ್ತು ತೋರುಬೆರಳು ಅದಕ್ಕಿಂತ ಚುರುಕಿರಬೇಕು. ಅವಳು ಕೊಂಡಿ ಕೂಡಿಸಿದ ಸೀರೆಗಳಿಗೆ ಸಾವಕಾರ ಕೊಡುತ್ತಿದ್ದ ಮಜೂರಿ ಹೋಗುತ್ತಿದ್ದದ್ದು ಗಂಡನ ಕೈಗೆ. ಕೇಳಿದರೆ ಹೊಡೆತ. ಒಂದು ಎಳ್ಳ ಅಮಾಸಿಯ ಹಿಂದಿನ ದಿನ ಮೂರನೇ ಇಯತ್ತೆಯ ಮಗಳ ಕೈ ಹಿಡಿದುಕೊಂಡು ಹುನಗುಂದದ ನಮ್ಮ ಮನೆಗೆ ಬಂದಳು. ಹೋಗುವ ಮಾತೆತ್ತಲಿಲ್ಲ.

ಕೇಸು ಹಾಕುವ ತನಕ ನಾನು ಮಾಡಿದ್ದು ಸರಿಯೇ ಇತ್ತು. ಓಣಿಯ ಅಂಗನವಾಡಿ ಬಾಯಿ ಹೇಳಿದಂತೆ ಸಿಡಿಪಿಓ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಆಫೀಸಿಗೆ ಹೋದೆವು. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ನಮ್ಮ ರಾಜ್ಯದ ತಾಲೂಕುಗಳಲ್ಲಿ ಸಂರಕ್ಷಣಾಧಿಕಾರಿಯ ಹೊಣೆ ಸಿಡಿಪಿಓಗಳ ಹೆಗಲಿಗೆ ಬಿತ್ತು. ಅಲ್ಲಿ ಘಟನಾ ವರದಿ ಬರೆದುಕೊಂಡರು. ಗಂಡನ ಮನೆ ಇಳಕಲ್ಲಿನಲ್ಲಿದ್ದರೂ ಹೆಣ್ಣುಮಗಳು ಸದ್ಯ ಎಲ್ಲಿ ಉಳಿದಿದ್ದಾಳೋ ಅಲ್ಲಿನ ಮ್ಯಾಜಿಸ್ಟ್ರೇಟರ ಮುಂದೆಯೇ ಅರ್ಜಿ ಹಾಕಬಹುದು ಎಂದರು. ಮೊದಲ ವಿಚಾರಣೆಯಿಂದ 60 ದಿನದೊಳಗೆ ಮುಗಿಸಲು ನೋಡಬೇಕು ಎಂದು ಕಾಯ್ದೆ ಹೇಳುತ್ತದೆ. ನೋಟಿಸು ಬಂದಾಗಲೆಲ್ಲ ಅಳಿಯ ಊರಲ್ಲಿರುತ್ತಿರಲಿಲ್ಲ. ಒಂದೆರಡು ತಾರೀಖಿಗೆ ಬಂದ, ಆಮೇಲೆ ಬರಲಿಲ್ಲ. ಕಾರಹುಣ್ಣಿಮೆಯ ಹೊತ್ತಿಗೆ ಆದೇಶವಾಯಿತು.

ಮುಂದಿನದು ನನ್ನ ತಪ್ಪು.

ಪಂಚಮಿಗೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಜೋಕಾಲಿ ಆಡಿ, ಉಂಡಿ ಕಟ್ಟಿಸಿಕೊಂಡು ತಿರುಗಿ ಹೋಗುತ್ತಾರೆ. ಬರುವುದು ಎಷ್ಟು ರೂಢಿಯೋ ಹೋಗುವುದೂ ಅಷ್ಟೇ ರೂಢಿ. ಆ ವರ್ಷ ಓಣಿಯ ಹೆಣ್ಣುಮಕ್ಕಳೆಲ್ಲ ಹೋದರು, ಇವಳು ಉಳಿದಳು. "ಪಂಚಮಿ ಮುಗದ್ರೂ ಹೋಗಲಿಲ್ಲೇನವಾ?" ಎಂದು ಬಾವಿಯ ಹತ್ತಿರ ಕೇಳಿದರಂತೆ. ನನ್ನನ್ನು ಯಾರೂ ನೇರ ಕೇಳಲಿಲ್ಲ. ಆದರೆ ಮಠದ ಕಟ್ಟೆಯ ಮೇಲೆ ನಾನು ಹೋಗಿ ಕೂತರೆ ಮಾತು ಮಳೆ ಬೆಳೆಯ ಕಡೆ ತಿರುಗುತ್ತಿತ್ತು. ಮೂವತ್ತೊಂದು ವರ್ಷ 'ಮಾಸ್ತರ್ರು' ಅನ್ನಿಸಿಕೊಂಡವನಿಗೆ ಆ ತಿರುಗುವಿಕೆ ತಡೆಯಲಿಕ್ಕಾಗಲಿಲ್ಲ. ಕಾನೂನು ಗೊತ್ತಿರಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಗೊತ್ತಿರಲಿಲ್ಲ, ನಿಜ. ಆದರೆ ಕೈಯಲ್ಲಿದ್ದ ಕಾಗದ ಓದದಿರಲು ಕಾರಣ ಈ ಕಟ್ಟೆಯೇ.

ಆ ಹೊತ್ತಿಗೆ ಸರಿಯಾಗಿ ಅಳಿಯ ನನಗೆ ಫೋನ್ ಮಾಡಿದ. ಅವಳಿಗಲ್ಲ, ನನಗೆ. "ಮಾಮಾ, ತಪ್ಪಾಗೇತಿ. ಒಂದ್ ಸಲ ಅಕಿ ಕೈಯಾಗ ಕೊಡ್ರಿ." ದನಿ ಮೆತ್ತಗಿತ್ತು. ಅವಳು ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ಫೋನು ಹಿಡಿದುಕೊಂಡು ಹೋಗಿ ಅವಳ ಮುಂದೆ ಚಾಚಿದೆ. ಅವಳು ಮೊರದ ಮೇಲಿಂದ ಕೈ ಎತ್ತಲಿಲ್ಲ. ನಾನೇ ಸ್ಪೀಕರ್ ಒತ್ತಿ ಮೊರದ ಅಂಚಿಗಿಟ್ಟೆ. ಅವನು ಮಾತಾಡುತ್ತಲೇ ಇದ್ದ. ಅವಳ ಬೆರಳು ಅಕ್ಕಿಯಲ್ಲಿ ಒಂದೇ ಕಡೆ ನಿಂತಿತ್ತು, ಕಲ್ಲನ್ನೂ ತೆಗೆಯಲಿಲ್ಲ, ಅಕ್ಕಿಯನ್ನೂ ಸರಿಸಲಿಲ್ಲ. ಫೋನು ಬಂದಾದ ಮೇಲೆ "ಏನಂತೀ?" ಎಂದೆ. "ನೀವು ಹೆಂಗಂತೀರಿ ಹಂಗ, ಮಾಮಾ" ಎಂದಳು. ಅದನ್ನು ನಾನು ಒಪ್ಪಿಗೆ ಎಂದು ತಿಳಿದುಕೊಂಡೆ.

ಟ್ರಂಕಿನಲ್ಲಿದ್ದ ಮೂರನೇ ಹಾಳಿಯಲ್ಲಿ ಏನಿತ್ತು ಎಂಬುದನ್ನು ಈಗ ಬಾಯಿಪಾಠ ಹೇಳಬಲ್ಲೆ. ಎದುರುದಾರನು ಅರ್ಜಿದಾರಳನ್ನು ಖುದ್ದಾಗಿ, ಬಾಯಿಮಾತಿನಿಂದ, ಬರವಣಿಗೆಯಿಂದ, ದೂರವಾಣಿಯಿಂದ, ಅಥವಾ ಬೇರೆ ಯಾವುದೇ ರೀತಿಯಿಂದ ಸಂಪರ್ಕಿಸಕೂಡದು. ಆ 'ಬೇರೆ ಯಾವುದೇ ರೀತಿ' ನಾನಾಗಿದ್ದೆ.

ರಾಜಿ ನಡೆದದ್ದು ನಮ್ಮ ಮನೆಯಲ್ಲೇ. ಎರಡೂ ಕಡೆಯ ಹಿರಿಯರು, ಮಧ್ಯಕ್ಕೆ ಅವಲಕ್ಕಿ, ಚಾ. ಬೀಗಿತ್ತಿ ಹೊಸ್ತಿಲಲ್ಲೇ ಮಾತು ಬೀಸಿದಳು: "ಮನಿ ನನ್ನ ಹೆಸರ್ಲೆ ಐತಿ. ನಾ ಒಪ್ಪಿದ್ರ ಅಷ್ಟ ಇರಾಕಿ ಅಕಿ." ನಾವೆಲ್ಲ ತಲೆ ತಗ್ಗಿಸಿ ಕೇಳಿದೆವು, ಮನೆ ಯಾರ ಹೆಸರಿನಲ್ಲಿದೆಯೋ ಅವರದೇ ಮಾತು ಎಂದು. ಸುಪ್ರೀಂ ಕೋರ್ಟೇ 2006ರಲ್ಲಿ ಹೆಚ್ಚುಕಡಿಮೆ ಹಾಗೆ ಹೇಳಿತ್ತಂತೆ. 2020ರ ಅಕ್ಟೋಬರಿನಲ್ಲಿ ಅದೇ ಕೋರ್ಟು ಆ ತೀರ್ಪನ್ನು ಬದಿಗಿಟ್ಟು, ಸೊಸೆ ಸಂಸಾರ ಮಾಡಿಕೊಂಡು ಬಂದ ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಅಲ್ಲಿ ವಾಸದ ಹಕ್ಕು ಕೇಳಬಹುದು ಎಂದಿತು. ವಾಸದ ಹಕ್ಕು ಬೇರೆ, ಒಡೆತನ ಬೇರೆ. ನಾವು ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದೆವು.

ಕುಡಿತದ ಮಾತೂ ಬಂತು. ಇಳಕಲ್ಲಿನವರಿಗೆ ಮಹಾಂತ ಜೋಳಿಗೆ ಹೇಳಿಕೊಡಬೇಕಾಗಿಲ್ಲ. ಚಿತ್ತರಗಿ-ಇಳಕಲ್ ಮಠದ ಡಾ. ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಮನೆಮನೆಗೆ ಹೋಗುತ್ತಿದ್ದರು. ದುಡ್ಡು ಕಾಳು ಕೇಳುತ್ತಿರಲಿಲ್ಲ, ನಿಮ್ಮ ಚಟ ಹಾಕಿ ಎನ್ನುತ್ತಿದ್ದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಹುಟ್ಟಿದ ದಿನ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. "ನಾ ಜೋಳಗಿಗೆ ಹಾಕೇನ್ರಿ, ಇನ್ನ ಮುಟ್ಟಂಗಿಲ್ಲ" ಎಂದ ಅಳಿಯ. ಸಾಲದ್ದಕ್ಕೆ ಮರುದಿನ ಕೂಡಲಸಂಗಮಕ್ಕೆ ಕರೆದೊಯ್ದು ಆಣೆ ಮಾಡಿಸಿದೆವು. ಅವನು ಮಾತಿಗೆ ತಪ್ಪಲಿಲ್ಲ, ನಾಲ್ಕು ತಿಂಗಳು ಕುಡಿಯಲಿಲ್ಲ. ಆ ನಾಲ್ಕು ತಿಂಗಳೂ ಹೊಡೆದ. ಹೊಡೆಯುವುದು ಕುಡಿತದ ಬಾಲ ಎಂದುಕೊಂಡಿದ್ದ ನಮ್ಮ ಲೆಕ್ಕವೇ ತಪ್ಪಿತ್ತು.

ರಾಜಿಪತ್ರ ಬರೆದವನು ನಾನು. ನೂರು ರೂಪಾಯಿಯ ಬಾಂಡಿನ ಮೇಲೆ, ಕರಿ ಹಲಗೆಯ ಮೇಲೆ ಬರೆಯುತ್ತಿದ್ದ ಅದೇ ದುಂಡಕ್ಷರದಲ್ಲಿ. 'ಸದರಿ ಕೋರ್ಟಿನ ಆದೇಶವು ಇಂದಿನಿಂದ ಉಭಯತರರ ಸಮ್ಮತಿಯಿಂದ ರದ್ದಾಗಿರುತ್ತದೆ' ಎಂಬ ಸಾಲು ಯಾರೂ ಹೇಳಿಕೊಟ್ಟದ್ದಲ್ಲ, ಘನವಾಗಿ ಕೇಳಿಸುತ್ತದೆಂದು ನಾನೇ ಸೇರಿಸಿದ್ದು. ಅವಳು ಸಹಿ ಮಾಡುವ ಮೊದಲು ಒಮ್ಮೆ ಕೇಳಿದಳು, "ಮಾಮಾ, ಆ ಆರ್ಡರ್?"

"ಅದು ಮುಗದಂಗ ತಂಗಿ. ರಾಜಿ ಆತಲ್ಲ."

ಮ್ಯಾಜಿಸ್ಟ್ರೇಟರು ಬರೆದದ್ದನ್ನು ನಿವೃತ್ತ ಮಾಸ್ತರನೊಬ್ಬ ಪಡಸಾಲೆಯಲ್ಲಿ ಕೂತು ರದ್ದು ಮಾಡಿದ. ಸುತ್ತ ಕೂತ ಏಳು ಜನ ತಲೆಯಾಡಿಸಿದರು.

ಶಿವರಾತ್ರಿ ಮುಗಿದು ಮೂರನೇ ದಿನ ಬೆಳಗಿನ ಜಾವ ಬಾಗಿಲು ಬಡಿದಳು. ಬಲಗೈ ಹೆಬ್ಬೆರಳಿಗೆ ಸೀರೆಯ ತುಂಡು ಸುತ್ತಿಕೊಂಡಿದ್ದಳು. ಬಾಗಿಲ ಸಂದಿನಲ್ಲಿಟ್ಟು ಒತ್ತಿದ್ದ. ಮಜೂರಿ ನನ್ನ ಕೈಗೆ ಕೊಡಿ ಎಂದು ಸಾವಕಾರನಿಗೆ ಹೇಳಿದ್ದೇ ಕಾರಣ. ಅವಳಿಗೆ ಅನ್ನ ಕೊಡುವ ಬೆರಳು ಯಾವುದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆಗಲಾದರೂ ಟ್ರಂಕು ತೆಗೆದೆನೇ? ಇಲ್ಲ. ಆಸ್ಪತ್ರೆಗೆ ಕರೆದೊಯ್ದೆ, ಬಂದು ಹೇಳಿದೆ: "ಮತ್ತ ಹೊಸದಾಗಿ ಕೇಸ್ ಹಾಕಬೇಕಾಗ್ತದ. ಹಳೇದು ನಾವ ಮುರದೀವಿ. ಮತ್ತ, ನೋಡಿದವರು ಯಾರದಾರ? ಸಾಕ್ಷಿ ಬೇಕಲ್ಲ." ಹೀಗೆ ಇನ್ನೂ ಇಪ್ಪತ್ತು ದಿನ ಕಳೆದವು. ಅವನು ನನಗೂ ಫೋನ್ ಮಾಡಿ, ಅವಳನ್ನು ಇಟ್ಟುಕೊಂಡರೆ ಕೈಕಾಲು ಉಳಿಯುವುದಿಲ್ಲ ಎಂದ. ಈ ವಯಸ್ಸಿನಲ್ಲಿ ಪೊಲೀಸು ಕಚೇರಿ ಬೇಡವೆಂದು ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಟ್ರಂಕು ತೆಗೆದವಳು ಅವಳು. ನಾನು ಬ್ಯಾಂಕಿಗೆ ಹೋಗಿದ್ದಾಗ ಚೀಲ ಸಮೇತ ಹಾಳಿ ಒಯ್ದು, ಕೋರ್ಟಿನ ಆವರಣದಲ್ಲೇ ಇರುವ ತಾಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿದ್ದಳು. ಹೆಣ್ಣುಮಗಳು ಅಂದರೆ ಸಾಕು, ಆದಾಯ ಎಷ್ಟೆಂದು ಕೇಳದೆ ಅಲ್ಲಿ ವಕೀಲರನ್ನು ಕೊಡುತ್ತಾರೆ. 1987ರ ಕಾಯ್ದೆಯಿಂದ ಬಂದ ಸೌಲಭ್ಯ. ಅಷ್ಟು ವರ್ಷ ಆ ಬೋರ್ಡಿನ ಮುಂದೆಯೇ ಓಡಾಡಿದ್ದೇನೆ. ಮರುದಿನ ನನ್ನನ್ನೂ ಕರೆದೊಯ್ದಳು. ವಕೀಲೆ ನನ್ನ ಮಗಳ ವಯಸ್ಸಿನವರು. ಹಾಳಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, "ಸರ್, ಇದು ಯಾವಾಗ ರದ್ದಾತು?" ಎಂದರು.

ರಾಜಿಪತ್ರದ ಜೆರಾಕ್ಸು ಮುಂದಿಟ್ಟೆ. ಓದಿದರು. ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಇದನ್ನ ಕೋರ್ಟಿಗೆ ಹಾಕೀರೇನು?"

"ಇಲ್ಲ."

"ಹಂಗಾದ್ರ ಆರ್ಡರ್ ಇನ್ನೂ ಜೀವಂತ ಐತ್ರಿ ಸರ್. ಒಂದ ದಿನಾನೂ ಸತ್ತಿಲ್ಲ."

ಆ ಮಾತು ಕೇಳಿ ನನಗೆ ಮೊದಲು ಅನ್ನಿಸಿದ್ದು ಸಮಾಧಾನವಲ್ಲ. ಪಂಚಮಿಯಿಂದ ಶಿವರಾತ್ರಿಯವರೆಗೆ ಲೆಕ್ಕ ಹಾಕಿದೆ.

ವಕೀಲೆ ಬೆರಳಿಟ್ಟು ಬೆರಳಿಟ್ಟು ಓದಿಸಿದರು. ಕೌಟುಂಬಿಕ ದೌರ್ಜನ್ಯ ಕಾಯ್ದೆಯ 25ನೇ ಕಲಮಿನ ಪ್ರಕಾರ ಸಂರಕ್ಷಣಾ ಆದೇಶ ನಡೆಯುವುದು ಅದನ್ನು ಪಡೆದ ಹೆಣ್ಣುಮಗಳು ತಾನಾಗಿ ಮ್ಯಾಜಿಸ್ಟ್ರೇಟರ ಮುಂದೆ ಬೇಡವೆಂದು ಅರ್ಜಿ ಹಾಕುವ ತನಕ. ಪರಿಸ್ಥಿತಿ ಬದಲಾಗಿದೆ ಎಂದು ಗಂಡನೂ ಅರ್ಜಿ ಹಾಕಬಹುದು. ಆದರೆ ಮ್ಯಾಜಿಸ್ಟ್ರೇಟರಿಗೆ ಅದು ನಿಜವೆನ್ನಿಸಬೇಕು, ಕಾರಣ ಬರೆದೇ ಬದಲಿಸಬೇಕು. ಆ ಬದಲಾವಣೆಯೂ ಆದೇಶವಾದ ಮೇಲಿನದಾಗಿರಬೇಕು. ನಮ್ಮ ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ 2024ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟಿನ ಪೀಠ ಇದನ್ನೇ ಖಚಿತವಾಗಿ ಹೇಳಿದೆ. ಆದೇಶ ಒಪ್ಪದವರಿಗೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹೋಗಲು 30 ದಿನ ಇರುತ್ತದೆ, ಅವನು ಹೋಗಿರಲಿಲ್ಲ. ಹಿರಿಯರು, ಬಾಂಡು, ಆಣೆ ಎಂಬ ಮಾತು ಆ ಕಲಮಿನಲ್ಲಿ ಎಲ್ಲೂ ಇಲ್ಲ.

"ಅಕಿ ತಾನಾಗೇ ಹೋಗಿ ಅವನ ಮನ್ಯಾಗ ಇದ್ಲಲ್ರೀ, ಅಕೀನೂ ಆರ್ಡರ್ ಮುರದಂಗ ಆಗಲಿಲ್ಲೇನು?" ಎಂದೆ.

"ಆರ್ಡರ್ ಇರೂದು ಅವನ ಮ್ಯಾಲ, ಸರ್. ಅಕಿ ಮ್ಯಾಲಲ್ಲ. ಫೋನ್ ಮಾಡಿದ್ದು, ಕರಕೊಂಡು ಹೋಗಿದ್ದು, ಅದರ ಬಗ್ಗೆ ಎದುರಿನ ವಕೀಲ್ರು ವಾದಾ ಮಾಡ್ತಾರ, ಮಾಡ್ಲಿ. ಹೊಡೀಬಾರದು ಅನ್ನೂದಕ್ಕ ಯಾವ ರಾಜಿನೂ ಅಡ್ಡ ಬರಂಗಿಲ್ಲ."

ಸಾಕ್ಷಿಯ ಮಾತನ್ನೂ ಎತ್ತಿದೆ. 32ನೇ ಕಲಮು ತೋರಿಸಿದರು. ಆದೇಶ ಮುರಿದದ್ದಕ್ಕೆ ನೊಂದವಳ ಒಬ್ಬಳ ಹೇಳಿಕೆಯ ಮೇಲೆಯೇ ಕೋರ್ಟು ತೀರ್ಮಾನಕ್ಕೆ ಬರಬಹುದು. 31ರಲ್ಲಿ ಶಿಕ್ಷೆ ಇದೆ: ಒಂದು ವರ್ಷದವರೆಗೆ ಜೈಲು, ಇಲ್ಲವೆ 20,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಮೊದಲ ಸಲ ಅರ್ಜಿ ಹಾಕುವಾಗ ಇದು ಸಿವಿಲ್ ವ್ಯವಹಾರದಂತೆ ನಡೆಯುತ್ತದೆ. ಆದೇಶ ಮುರಿದ ಕ್ಷಣಕ್ಕೆ ಕ್ರಿಮಿನಲ್ ಆಗುತ್ತದೆ, ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದಾದ, ಜಾಮೀನು ಹಕ್ಕಲ್ಲದ ಅಪರಾಧ. ಠಾಣೆಗೆ ಹೋಗಬಹುದು, ಸಂರಕ್ಷಣಾಧಿಕಾರಿಗೆ ಬರೆದುಕೊಡಬಹುದು, ನೇರ ಮ್ಯಾಜಿಸ್ಟ್ರೇಟರ ಮುಂದೆಯೂ ನಿಲ್ಲಬಹುದು. ಸಂರಕ್ಷಣಾಧಿಕಾರಿ ಆದೇಶದಂತೆ ತನ್ನ ಕೆಲಸ ಮಾಡದೆ ಸಕಾರಣ ಹೇಳಲಾಗದಿದ್ದರೆ ಅವರಿಗೂ ಅಷ್ಟೇ ಶಿಕ್ಷೆ ಬರೆದಿದೆ.

ನಾನು ಓದಿದ್ದ ಆ ಎರಡು ಸಾಲು? ನಾಲ್ಕು ಸಾವಿರದಲ್ಲಿ ಅವನು ಕೊಟ್ಟದ್ದು ಒಂದೇ ತಿಂಗಳದು. ಬಾಕಿಗೆ ಬೇರೆ ವಸೂಲಿ ಅರ್ಜಿ ಹಾಕಬೇಕು, ಅದು ನಿಧಾನದ ದಾರಿ ಎಂದರು. ನಾಲ್ಕು ಹಾಳಿಯಲ್ಲಿ ಹಲ್ಲಿಲ್ಲದ ಸಾಲನ್ನೇ ಹುಡುಕಿ ಓದಿ ಊರಿಗೆಲ್ಲ ಸಾರಿದ್ದೆ. ಹಲ್ಲಿದ್ದ ಸಾಲುಗಳು ಟ್ರಂಕಿನಲ್ಲಿದ್ದವು.

ಮೂರನೇ ಹಾಳಿಯ ಕೆಳಗೆ ವಕೀಲೆ ಪೆನ್ಸಿಲಿನಿಂದ ಗೆರೆ ಎಳೆದು ನನ್ನ ಕಡೆ ತಿರುಗಿಸಿದರು. ಅರ್ಜಿದಾರಳಿಗೂ, ಅವಳ ಮಗಳಿಗೂ, ಅವಳಿಗೆ ಆಸರೆ ಕೊಟ್ಟ ಸಂಬಂಧಿಕರಿಗೂ ಎದುರುದಾರನು ಹಿಂಸೆ ಕೊಡಕೂಡದು. ಸಂಬಂಧಿಕರು ಎಂದರೆ ನಾನು. ಕೈಕಾಲು ಮುರಿಯುತ್ತೇನೆ ಎಂದು ಅವನು ಹೆದರಿಸಿದ ದಿನವೂ ನನ್ನನ್ನು ಕಾಯುವ ಸಾಲು ನನ್ನದೇ ಟ್ರಂಕಿನಲ್ಲಿ, ನನ್ನದೇ ಪೆನ್ಷನ್ ಕಾಗದದ ಕೆಳಗೆ ಇತ್ತು. ಅವಳಿಗೆ ಆಗಲೇ ಆ ಫೋನಿನ ವಿಷಯ ಹೇಳಿದೆ. "ನನಗ ಗೊತ್ತಿತ್ತು ಮಾಮಾ" ಎಂದಳು. ಫೋನು ಇಟ್ಟ ಮೇಲೆ ನನ್ನ ಕೈ ನಡುಗುತ್ತಿದ್ದದ್ದನ್ನು ನೋಡಿದ್ದಳಂತೆ.

ದೂರು ಕೊಡಲು ಹೋದಾಗ ಠಾಣೆಯಲ್ಲಿ ಮೊದಲು ಕೇಳಿದ್ದು, ಆದೇಶದ ಪ್ರತಿ ಎಲ್ಲಿ ಎಂದು. ಆದೇಶದ ಪ್ರತಿಯನ್ನು ಎರಡೂ ಕಡೆಯವರಿಗೆ, ಆ ವ್ಯಾಪ್ತಿಯ ಠಾಣೆಗೆ ಪುಕ್ಕಟೆ ಕೊಡಬೇಕೆಂದು 24ನೇ ಕಲಮು ಹೇಳುತ್ತದೆ. ತಲುಪಿದ್ದೂ ಇರಬಹುದು. ಆದರೆ ನಡುವೆ ಅಧಿಕಾರಿ ಬದಲಾಗಿದ್ದರು. ಆದೇಶವಾದ ವಾರದಲ್ಲೇ ಒಂದು ಪ್ರತಿ ಹಿಡಿದು ಹೋಗಿ, ಇಂಥ ಮನೆ, ಇಂಥವನು ಎಂದು ಪರಿಚಯ ಹೇಳಿ ಬಂದಿದ್ದರೆ ಅಂದು ಎರಡು ತಾಸು ಬೆಂಚಿನ ಮೇಲೆ ಕೂರುವುದು ತಪ್ಪುತ್ತಿತ್ತು. ಅವಳ ಕೈಯಲ್ಲಿ ಹಾಳಿ ಇತ್ತು, ತೋರಿಸಿದಳು. ದೂರು ದಾಖಲಾಯಿತು.

ಈಗ ಅವಳು ಹುನಗುಂದದಲ್ಲೇ ಬೇರೆ ಕೋಣೆ ಹಿಡಿದಿದ್ದಾಳೆ. ಹೆಬ್ಬೆರಳು ಪೂರಾ ಮಡಚುವುದಿಲ್ಲ, ಕೊಂಡಿ ಕೂಡಿಸಲು ಬರುವುದಿಲ್ಲ. ಕಸೂತಿ ಮತ್ತು ಹೊಲಿಗೆ ಮಾಡುತ್ತಾಳೆ. ಆದೇಶದ ಪ್ರತಿ ಅವಳ ಚೀಲದಲ್ಲಿ ಒಂದಿದೆ, ಮಗಳ ಶಾಲೆಯ ಹೆಡ್‌ಮಾಸ್ತರರ ಹತ್ತಿರ ಒಂದು, ನನ್ನ ಅಂಗಿಯ ಜೇಬಿನಲ್ಲಿ ಒಂದು, ಮೊಬೈಲಿನಲ್ಲಿ ಫೋಟೋ. ಅದರ ಬೆನ್ನಿಗೆ ವಕೀಲೆ ಬರೆದುಕೊಟ್ಟ ನಂಬರುಗಳಿವೆ: ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಕಾನೂನು ನೆರವಿಗೆ 15100. ಮನೆಗೆ ಬಂದವರು ಇಂದಿಗೂ ಕೇಳುತ್ತಾರೆ, ಎಷ್ಟು ಹಾಕ್ಯಾರ ಎಂದು. ಮೊದಲ ಹಾಳಿಯಿಂದ ಓದಿ ಹೇಳುತ್ತೇನೆ. ಅರ್ಧಕ್ಕೇ ಎದ್ದು ಹೋಗುವವರೇ ಹೆಚ್ಚು.

ಆದೇಶ ಮುರಿದ ಪ್ರಕರಣ ನಡೆಯುತ್ತಿದೆ. ಎದುರಿನ ವಕೀಲರು ಹೋದ ತಾರೀಖಿನಂದು ಆ ನೂರು ರೂಪಾಯಿಯ ಬಾಂಡನ್ನು ಕೋರ್ಟಿಗೆ ಹಾಜರು ಮಾಡಿದರು. ಅದರಲ್ಲಿನ ಅಕ್ಷರ ಯಾರದೆಂದು ಗುರುತಿಸಬೇಕಂತೆ. ಮುಂದಿನ ತಿಂಗಳ ಹದಿನೆಂಟಕ್ಕೆ ನನ್ನನ್ನು ಕಟಕಟೆಗೆ ಕರೆದಿದ್ದಾರೆ.